ಒಕ್ಕಲೆಬ್ಬಿಸಿದ ನೆನಪು ಮತ್ತು ಬದುಕಿನ ಲೆಕ್ಕಾಚಾರ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಎರಡು ಸಮುದಾಯಗಳು

ಪೀಠಿಕೆ

ಮೈಸೂರು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆಯೆಂದು ಹೆಸರಾಗಿವೆ. ಕೊಡಗಿನ ಬೆಟ್ಟಗಳಿಗೂ ಮೈಸೂರಿನ ಬಯಲಿಗೂ ನಡುವಣ ಈ ಪ್ರದೇಶದಲ್ಲಿ ಕಳೆದ ಆರೇಳು ದಶಕಗಳಲ್ಲಿ ಎರಡು ಬಗೆಯ ನಿರ್ವಸಿತರು ನೆಲೆ ಕಂಡುಕೊಳ್ಳಲು ಹೆಣಗಿದ್ದಾರೆ. ಒಬ್ಬರು ಹಿಮಾಲಯದ ಆಚೆಯಿಂದ ಬಂದ ಟಿಬೆಟಿಯನ್ನರು. ಮತ್ತೊಬ್ಬರು ಎಲ್ಲಿಂದಲೂ ಬಾರದೆ, ತಮ್ಮದೇ ಕಾಡಿನಿಂದ ಕೆಲವೇ ಹರದಾರಿ ಈಚೆಗೆ ತಳ್ಳಲ್ಪಟ್ಟ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಮೊದಲಾದ ಬುಡಕಟ್ಟಿನವರು. ಇಬ್ಬರೂ ಬಲಪ್ರಯೋಗದ ನೆನಪನ್ನು ಹೊತ್ತವರು. ಇಬ್ಬರಿಗೂ ಹೊಸ ನೆಲದಲ್ಲಿ ಭೂಮಿ, ಹಣ, ದುಡಿಮೆ, ಉಳಿತಾಯ ಇವುಗಳ ಬಗ್ಗೆ ಹೊಸದಾಗಿ ತೀರ್ಮಾನಗಳನ್ನು ತೆಗೆದುಕೊಳ್ಳಬೇಕಾಗಿ ಬಂದಿತು. ಆ ತೀರ್ಮಾನಗಳು ಒಂದೇ ಬಗೆಯಾಗಿರಲಿಲ್ಲ. ಅವು ಬೇರೆಯಾದುದೇಕೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿಂಸೆಯನ್ನು ಅನುಭವಿಸಿದವರ ಆರ್ಥಿಕ ನಡವಳಿಕೆಯನ್ನು ಕುರಿತು ಅರ್ಥಶಾಸ್ತ್ರಜ್ಞರು ಇತ್ತೀಚಿನ ವರ್ಷಗಳಲ್ಲಿ ಮಹತ್ವದ ಅಧ್ಯಯನಗಳನ್ನು ಮಾಡಿದ್ದಾರೆ. ಆಫ್ರಿಕಾದ ಬುರುಂಡಿ ದೇಶದ ಹಳ್ಳಿಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂತರ್ಯುದ್ಧದ ಹಿಂಸೆಗೆ ಹೆಚ್ಚು ಈಡಾದವರು ನೆರೆಹೊರೆಯವರಿಗೆ ಕೊಡುವುದರಲ್ಲಿ ಹೆಚ್ಚು ಉದಾರಿಗಳಾಗಿಯೂ, ಅಪಾಯಕ್ಕೆ ಹೆಚ್ಚು ಒಡ್ಡಿಕೊಳ್ಳುವವರಾಗಿಯೂ, ನಾಳೆಯ ಲಾಭಕ್ಕಿಂತ ಇಂದಿನದನ್ನೇ ಹೆಚ್ಚು ಬಯಸುವವರಾಗಿಯೂ ಇರುವುದನ್ನು ಗುರುತಿಸಿತು. ಅಫ್ಘಾನಿಸ್ತಾನವನ್ನು ಕುರಿತು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಫಲಿತಾಂಶ ಇದಕ್ಕಿಂತ ಸೂಕ್ಷ್ಮವಾದದ್ದು. ಹಿಂಸೆಯನ್ನು ಕಂಡವರಿಗೆ ಭಯದ ಒಂದು ಘಟನೆಯನ್ನು ನೆನಪಿಸಿಕೊಳ್ಳುವಂತೆ ಹೇಳಿದ ಮೇಲೆ ಆಯ್ಕೆಯನ್ನು ಮುಂದಿಟ್ಟರೆ, ಅವರು ಖಚಿತವಾಗಿ ದೊರೆಯುವುದರ ಕಡೆಗೆ ಬಲವಾಗಿ ವಾಲುತ್ತಾರೆ. ಅಂದರೆ ಘಟನೆಯಷ್ಟೇ ಅದರ ನೆನಪೂ ಮನುಷ್ಯನ ಲೆಕ್ಕಾಚಾರವನ್ನು ತಿದ್ದುತ್ತದೆ.

ಜಾನಪದ ಅಧ್ಯಯನಕ್ಕೆ ಈ ವಿಷಯದಲ್ಲಿ ಹೇಳುವುದೇನಾದರೂ ಇದ್ದರೆ ಅದು ಇಲ್ಲಿಯೇ ಇದೆ. ನೆನಪು ಕೇವಲ ವ್ಯಕ್ತಿಯ ಸೊತ್ತಲ್ಲ. ಆಚರಣೆ, ಕಥನ, ದೈವಸ್ಥಾನ, ಹಬ್ಬಗಳ ಮೂಲಕ ಸಮುದಾಯವೇ ಅದನ್ನು ಕಾಪಾಡುತ್ತದೆ. ಕಳೆದುಹೋದುದನ್ನು ಕೂಡಿ ನೆನೆಯುವ ವ್ಯವಸ್ಥೆ ಉಳಿದ ಸಮುದಾಯದ ಆರ್ಥಿಕ ನಿರ್ಧಾರಗಳಿಗೂ, ಅಂಥ ವ್ಯವಸ್ಥೆಯ ನೆಲೆಯನ್ನೇ ಕಳೆದುಕೊಂಡ ಸಮುದಾಯದ ನಿರ್ಧಾರಗಳಿಗೂ ವ್ಯತ್ಯಾಸವಿರುತ್ತದೆ ಎಂಬುದನ್ನು ಈ ತಾಲ್ಲೂಕುಗಳ ಚರಿತ್ರೆ ತೋರಿಸಿಕೊಡುತ್ತದೆ.

ನೆಲದ ಹಿನ್ನೆಲೆ

ಈ ಸೀಮೆಗೆ ಹಿಂಸೆಯ ನೆನಪು ಹೊಸದಲ್ಲ. ಚೆಂಗಾಳ್ವ ಅರಸರ ನೆಲೆಯಾಗಿದ್ದ ಪಿರಿಯಾಪಟ್ಟಣವನ್ನು 17ನೇ ಶತಮಾನದ ನಡುಭಾಗದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಮುತ್ತಿ ಗೆದ್ದುಕೊಂಡಿತು. ಕೋಟೆಯ ಪತನವನ್ನು ವಸ್ತುವಾಗಿ ಉಳ್ಳ ‘ಪಿರಿಯಾಪಟ್ಟಣದ ಕಾಳಗ’ ಜನಪದ ಕಥನಗೀತೆಯಾಗಿ ಉಳಿದುಬಂದಿದೆ. 1791ರಲ್ಲಿ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಕೊಡಗಿನ ಘಟ್ಟವನ್ನಿಳಿದು ಪಿರಿಯಾಪಟ್ಟಣದವರೆಗೆ ಬಂದಿತ್ತು. ಹೀಗೆ ದಂಡು ಹಾದುಹೋಗುವ ದಾರಿಯಲ್ಲಿದ್ದ ಊರುಗಳ ಜನ ಸಂಪತ್ತನ್ನು ಹೇಗೆ ಭಾವಿಸಿರಬಹುದು ಎಂಬುದಕ್ಕೆ ನಿಧಿ ಮತ್ತು ಕೊಪ್ಪರಿಗೆಗಳ ಐತಿಹ್ಯಗಳು ಸುಳಿವು ನೀಡುತ್ತವೆ. ಹಾಳು ಕೋಟೆಯ ಅಡಿಯಲ್ಲಿ, ಕೆರೆಯ ಏರಿಯಲ್ಲಿ, ಹಳೆಯ ಗುಡಿಯ ಬುಡದಲ್ಲಿ ಹೂತಿಟ್ಟ ಹೊನ್ನಿನ ಕಥೆಗಳು ಕನ್ನಡ ನಾಡಿನ ಉದ್ದಗಲಕ್ಕೂ ಹಬ್ಬಿವೆ. ಇವನ್ನು ಬರಿಯ ಆಸೆಯ ಕಥೆಗಳೆಂದು ಬದಿಗಿಡಬೇಕಾಗಿಲ್ಲ. ಕಣ್ಣಿಗೆ ಕಾಣುವ ಸಂಪತ್ತು ಸೂರೆಹೋಗುತ್ತದೆ, ಕಾಣದ್ದು ಉಳಿಯುತ್ತದೆ ಎಂಬ ತಿಳಿವಳಿಕೆ ಅವುಗಳ ಒಳಗಿದೆ. ಕಾಳಗ ಕಂಡ ಜನರ ಆರ್ಥಿಕ ವಿವೇಕವನ್ನು ಐತಿಹ್ಯ ತನ್ನದೇ ರೀತಿಯಲ್ಲಿ ದಾಖಲಿಸಿದೆ.

ಇದೇ ವಿವೇಕದ ಎರಡು ಆಧುನಿಕ ರೂಪಗಳನ್ನು ಮುಂದೆ ನೋಡಬಹುದು.

ಬೈಲಕುಪ್ಪೆ ಮತ್ತು ಗುರುಪುರ

1959ರ ಮಾರ್ಚ್ 10ರಂದು ಲಾಸಾದಲ್ಲಿ ಆರಂಭವಾದ ಬಂಡಾಯವನ್ನು ಚೀನಾದ ಸೇನೆ ಹತ್ತಿಕ್ಕಿತು. ದಲೈ ಲಾಮಾ ಅವರು ಅದೇ ತಿಂಗಳ ಕೊನೆಗೆ ಭಾರತವನ್ನು ತಲಪಿದರು. ಅವರ ಹಿಂದೆಯೇ ಸುಮಾರು 80,000 ಟಿಬೆಟಿಯನ್ನರು ಹಿಮಾಲಯವನ್ನು ದಾಟಿದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಬಿಸಿಲು, ರೋಗಗಳಿಗೆ ಅನೇಕರು ಬಲಿಯಾದರು. ಹಲವರು ಬೆಟ್ಟಪ್ರದೇಶಗಳ ರಸ್ತೆ ನಿರ್ಮಾಣದಲ್ಲಿ ಕೂಲಿಗಳಾಗಿ ದುಡಿದರು. ಮೈಯ ಮೇಲಿದ್ದ ಹವಳ, ನೀಲಮಣಿಗಳ ಒಡವೆ ಅನ್ನಕ್ಕಾಗಿ ಮಾರಾಟವಾಯಿತು. ಹೊತ್ತು ತರಬಹುದಾದ ಸಂಪತ್ತು ಮಾತ್ರವೇ ಕಷ್ಟಕಾಲಕ್ಕೆ ಒದಗಿತು. ಹೊಲ, ಮನೆ, ಯಾಕ್ ಹಿಂಡುಗಳೆಲ್ಲ ಹಿಂದೆಯೇ ಉಳಿದವು.

ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಯ ಮೇಲೆ ನೀಡಿತು. 1960ರ ಕೊನೆಯಲ್ಲಿ ಮೊದಲ ತಂಡಗಳು ಬಂದು ಲುಗ್ಸುಂಗ್ ಸಂದುಪ್ಲಿಂಗ್ ನೆಲೆ ಆರಂಭವಾಯಿತು. 1969ರಲ್ಲಿ ಅದರ ಪಕ್ಕದಲ್ಲಿಯೇ ಡಿಕ್ಯಿ ಲಾರ್ಸೊ ಎಂಬ ಎರಡನೆಯ ನೆಲೆಯೂ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್‌ಗೆಲಿಂಗ್ ನೆಲೆಯೂ ಸ್ಥಾಪಿತವಾದವು. ಮೊದಲ ವರ್ಷಗಳ ಕೆಲಸ ಕಾಡು ಕಡಿಯುವುದು, ಬುಡ ಕೀಳುವುದು, ಕಾಡಾನೆಗಳಿಂದ ಪಾರಾಗುವುದು. ಬಾರ್ಲಿ ಬೆಳೆಯುವ ಎತ್ತರದ ನಾಡಿನವರಿಗೆ, ಅಲೆಮಾರಿ ಪಶುಪಾಲಕರಿಗೆ, ವರ್ತಕರಿಗೆ ಮಳೆಯಾಶ್ರಿತ ಕೆಂಪು ನೆಲದ ಬೇಸಾಯ ಅಪರಿಚಿತವಾಗಿತ್ತು. ಹಲವು ಪ್ರಯೋಗಗಳ ನಂತರ ಮೆಕ್ಕೆಜೋಳ ಅವರ ಮುಖ್ಯ ಬೆಳೆಯಾಯಿತು. ಸ್ವಿಸ್ ನೆರವು ದೊರೆಯಿತು. ಟಿಬೆಟಿಯನ್ನರ ಪುನರ್ವಸತಿಗಾಗಿಯೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿಕೊಂಡಿತು.

ಈ ಸಮುದಾಯದ ಆರ್ಥಿಕ ತೀರ್ಮಾನಗಳಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಕೈಗೆ ಬಂದ ಸಂಪತ್ತನ್ನು ಸಾಮೂಹಿಕ ಆಸ್ತಿಯಲ್ಲಿ ತೊಡಗಿಸಿದ್ದು. ಬೇಸಾಯದ ಸಾಮಗ್ರಿ, ಟ್ರ್ಯಾಕ್ಟರು, ಬೆಳೆಯ ಮಾರಾಟ ಇವೆಲ್ಲವೂ ಸಹಕಾರ ಸಂಘದ ಮೂಲಕ ನಡೆದವು. ಅದಕ್ಕೂ ಮಿಗಿಲಾಗಿ, ಹೊಟ್ಟೆಗೆ ಸಾಲದ ಕಾಲದಲ್ಲಿಯೇ ವಿಹಾರಗಳು ಮೇಲೆದ್ದವು. 1963ರಲ್ಲಿ ಪೆನೋರ್ ರಿನ್ಪೋಚೆ ಅವರು ಬಿದಿರಿನ ರಚನೆಯೊಂದರಿಂದ ಆರಂಭಿಸಿದ ನಾಮ್‌ಡ್ರೋಲಿಂಗ್ ವಿಹಾರ ಮುಂದೆ ಸಾವಿರಾರು ಭಿಕ್ಷುಗಳ ವಿದ್ಯಾಕೇಂದ್ರವಾಯಿತು. ಲಾಸಾ ಸಮೀಪದ ಸೆರಾ ಹಾಗೂ ಶಿಗಾತ್ಸೆಯ ತಾಶಿ ಲುನ್ಪೊ ವಿಹಾರಗಳು 1970ರ ದಶಕದ ಆರಂಭದ ವೇಳೆಗೆ ಬೈಲಕುಪ್ಪೆಯಲ್ಲಿ ಪುನಃಸ್ಥಾಪನೆಗೊಂಡವು. ಹೊರಗಿನಿಂದ ನೋಡುವವರಿಗೆ ಇದು ಬಡವರ ದುಂದುವೆಚ್ಚವಾಗಿ ಕಾಣಬಹುದು. ಆದರೆ ಒಡೆದ ಸಮುದಾಯ ತನ್ನನ್ನು ಮತ್ತೆ ಕಟ್ಟಿಕೊಳ್ಳಲು ಹಾಕಿದ ಬಂಡವಾಳವೆಂದು ನೋಡಿದರೆ ಅದರ ಲೆಕ್ಕ ಬೇರೆಯಾಗುತ್ತದೆ.

ಎರಡನೆಯದಾಗಿ, ನೆಲಕ್ಕೆ ಅಂಟದ ದುಡಿಮೆಯ ಆಯ್ಕೆ. ಚಳಿಗಾಲದಲ್ಲಿ ಲೂಧಿಯಾನದ ತಯಾರಕರಿಂದ ಉಣ್ಣೆಯ ಉಡುಪುಗಳನ್ನು ಸಾಲವಾಗಿ ತಂದು ದೇಶದ ನಗರಗಳ ಬೀದಿಗಳಲ್ಲಿ ಮಾರುವ ವ್ಯಾಪಾರ ಈ ನೆಲೆಗಳ ಕುಟುಂಬಗಳಿಗೆ ಬೇಸಾಯದಷ್ಟೇ ಮುಖ್ಯವಾಯಿತು. ಪತ್ರವಿಲ್ಲದೆ, ಅಡಮಾನವಿಲ್ಲದೆ ನಡೆಯುವ ಈ ಸಾಲಕ್ಕೆ ಸಮುದಾಯದ ಹೆಸರೇ ಹೊಣೆ. ಒಬ್ಬ ತಪ್ಪಿದರೆ ಎಲ್ಲರ ಸಾಲ ನಿಲ್ಲುತ್ತದೆ ಎಂಬ ಅರಿವು ಲಿಖಿತ ಕರಾರಿಗಿಂತ ಗಟ್ಟಿಯಾಗಿ ಕೆಲಸ ಮಾಡಿತು. ಶಿಕ್ಷಣಕ್ಕೆ ದೊರೆತ ಆದ್ಯತೆಯೂ ಇದೇ ತರ್ಕದ್ದು. ವಿದ್ಯೆಯನ್ನು ಗಡಿಯಲ್ಲಿ ಯಾರೂ ಕಿತ್ತುಕೊಳ್ಳಲಾರರು.

ಮೂರನೆಯದಾಗಿ, ಕಾಲದ ಕಲ್ಪನೆ. ಬೇಗನೆ ಸ್ವದೇಶಕ್ಕೆ ಮರಳುತ್ತೇವೆಂಬ ನಂಬಿಕೆ ಮೊದಲ ತಲೆಮಾರಿನಲ್ಲಿ ಬಲವಾಗಿತ್ತು. ಭೂಮಿ ಗುತ್ತಿಗೆಯದು, ಮಾರುವ ಹಕ್ಕಿಲ್ಲ. ನಿವಾಸಕ್ಕೆ ನೋಂದಣಿ ಪತ್ರ ಬೇಕು, ಅದನ್ನು ನವೀಕರಿಸುತ್ತಿರಬೇಕು. ಆದ್ದರಿಂದ ಖಾಸಗಿ ಭೂಮಿಯ ಮೇಲೆ ದೀರ್ಘಕಾಲದ ಬಂಡವಾಳ ಹೂಡುವ ಪ್ರವೃತ್ತಿ ಬೆಳೆಯಲಿಲ್ಲ. ಮುಂದಿನ ತಲೆಮಾರಿನ ಅನೇಕರು ಯೂರೋಪು, ಅಮೆರಿಕಗಳಿಗೆ ವಲಸೆ ಹೋದುದು, ಹೊಲಗಳನ್ನು ಸುತ್ತಲಿನ ರೈತರಿಗೆ ಸಾಗುವಳಿಗೆ ಬಿಟ್ಟುಕೊಟ್ಟುದು ಇದರ ಮುಂದುವರಿಕೆಯೇ. ಪ್ರತಿವರ್ಷ ಮಾರ್ಚ್ 10ರಂದು ನಡೆಯುವ ಬಂಡಾಯದ ಸ್ಮರಣೆ, ಲೋಸಾರ್ ಹಬ್ಬ, ವಿಹಾರಗಳ ಪೂಜೆ ಇವು ನೆನಪನ್ನು ಕೂಡಿ ಹೊರುವ ಏರ್ಪಾಡುಗಳು. ಭಯ ಅಳಿಯಲಿಲ್ಲ, ಅದಕ್ಕೊಂದು ದಿನ, ಒಂದು ಸ್ಥಳ, ಒಂದು ವಿಧಿ ದೊರೆಯಿತು.

ನಾಗರಹೊಳೆ ಮತ್ತು ಕಬಿನಿ

ಗುರುಪುರದಿಂದ ಅನತಿದೂರದಲ್ಲಿಯೇ ನಾಗರಹೊಳೆಯ ಕಾಡಿನ ಅಂಚು ಇದೆ. ಅಲ್ಲಿನ ಬುಡಕಟ್ಟುಗಳ ಚರಿತ್ರೆಯಲ್ಲಿ ಗಡಿ ದಾಟಿದ ಒಂದು ದಿನಾಂಕವಿಲ್ಲ. ಬಲಪ್ರಯೋಗ ಇಲ್ಲಿ ಕಂತುಕಂತಾಗಿ ಬಂದಿತು. ವಸಾಹತು ಕಾಲದಿಂದಲೇ ಕಾಡು ಸರ್ಕಾರದ ಮೀಸಲು ಸ್ವತ್ತಾಗಿತ್ತು. ತೇಗದ ನೆಡುತೋಪುಗಳಲ್ಲಿ, ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆ ಹಿಡಿಯುವ ಕೆಲಸದಲ್ಲಿ ಕಾಡಿನ ಜನರ ದುಡಿಮೆ ಬೇಕಾಗಿತ್ತು. 1955ರಲ್ಲಿ ನಾಗರಹೊಳೆ ವನ್ಯಜೀವಿಧಾಮವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಊರುಗಳೂ ಹಾಡಿಗಳೂ ಕಾಕನಕೋಟೆಯ ಖೆಡ್ಡಾ ನೆಲವೂ ನೀರಿನ ಪಾಲಾದವು. 1980ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿತು.

ಕಾಡಿನೊಳಗಿನ ಹಾಡಿಗಳು ತೆರವಾದ ಬಗೆಯನ್ನು ಕುರಿತ ಬಾಯ್ದೆರೆಯ ಕಥನಗಳಲ್ಲಿ ಕೆಡವಿದ ಗುಡಿಸಲು, ತುಳಿಸಿದ ಪೈರು, ಬೇಟೆ ಮತ್ತು ಜೇನಿನ ಮೇಲಿನ ನಿರ್ಬಂಧ, ಬಂಧನದ ಭಯ ಇವು ಮತ್ತೆಮತ್ತೆ ಬರುತ್ತವೆ. ಕೈಯಲ್ಲಿ ಹಕ್ಕುಪತ್ರವಿಲ್ಲದ ಕಾರಣ ಬಹುಪಾಲು ಕುಟುಂಬಗಳಿಗೆ ಪರಿಹಾರವೂ ದೊರೆಯಲಿಲ್ಲ. ಅವರು ಕಾಡಂಚಿನ ಹಾಡಿಗಳಲ್ಲಿ ಚದುರಿ ನೆಲೆಸಿದರು. ಹುಣಸೂರಿನ ಡೀಡ್ ಸಂಸ್ಥೆ ಇವರ ಪರವಾಗಿ ಹೈಕೋರ್ಟಿನ ಮೊರೆಹೊಕ್ಕಿತು. ನ್ಯಾಯಾಲಯದ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ರಚಿತವಾದ ಸಮಿತಿ 2014ರಲ್ಲಿ ಸಲ್ಲಿಸಿದ ವರದಿ 3,418 ನಿರ್ವಸಿತ ಕುಟುಂಬಗಳನ್ನು ಗುರುತಿಸಿತು. ಇದಕ್ಕೆ ಮೊದಲೇ, 1990ರ ದಶಕದ ಅಂತ್ಯದಿಂದ, ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ ಮತ್ತು ಸಾಗುವಳಿ ಭೂಮಿಯನ್ನು ನೀಡಿ ಕೆಲವು ಹಾಡಿಗಳ ಜನರನ್ನು ನೆಲೆಗೊಳಿಸಲಾಗಿತ್ತು.

ಈ ಕುಟುಂಬಗಳ ಆರ್ಥಿಕ ತೀರ್ಮಾನಗಳು ಹೊರಗಿನವರ ಟೀಕೆಗೆ ಮೇಲಿಂದ ಮೇಲೆ ಗುರಿಯಾಗಿವೆ. ಕೊಟ್ಟ ಭೂಮಿಯನ್ನು ತಾವೇ ಉಳದೆ ಹೊಗೆಸೊಪ್ಪು, ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಡುತ್ತಾರೆ. ಕೊಡಗಿನ ಕಾಫಿ ತೋಟಗಳಿಗೆ ದಿನಗೂಲಿಗೆ ಹೋಗುತ್ತಾರೆ. ಬಂದ ಹಣವನ್ನು ಉಳಿಸುವುದಿಲ್ಲ. ಕೊಟ್ಟ ಮನೆಯನ್ನು ಬಿಟ್ಟು ಮತ್ತೆ ಕಾಡಿನ ಕಡೆ ಮುಖ ಮಾಡುತ್ತಾರೆ ಎಂಬ ಮಾತುಗಳು ಸಾಮಾನ್ಯ. ಇವರಿಗೆ ನಾಳೆಯ ಚಿಂತೆಯಿಲ್ಲ ಎಂಬ ತೀರ್ಪು ಅದರ ಜೊತೆಗೇ ಬರುತ್ತದೆ. ಕುತೂಹಲದ ಸಂಗತಿಯೆಂದರೆ, ಅದೇ ತೀರ್ಪು ನೀಡುವ ಬಯಲಿನ ಬೇಸಾಯಗಾರರ ಗಾದೆಯೇ ‘ನಾಳೆ ಎಂದವನ ಮನೆ ಹಾಳು’ ಎನ್ನುತ್ತದೆ.

ಈ ತೀರ್ಮಾನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವುಗಳ ಹಿಂದಿನ ಲೆಕ್ಕ ಕಾಣುತ್ತದೆ. ಬೇಸಾಯವೆಂದರೆ ಇಂದಿನ ದುಡಿಮೆಯನ್ನು ನಾಲ್ಕು ತಿಂಗಳ ಆಚೆಗೆ ಒತ್ತೆಯಿಡುವುದು. ಕಾಡಂಚಿನ ಹೊಲದಲ್ಲಿ ಒಂದು ರಾತ್ರಿ ಆನೆ ನುಗ್ಗಿದರೆ ಆ ಒತ್ತೆ ಮುಳುಗುತ್ತದೆ. ಹಿಂದೆ ಪೈರು ಕಣ್ಣೆದುರೇ ಹಾಳಾದುದನ್ನು ಕಂಡ ಮನೆತನಕ್ಕೆ ಗುತ್ತಿಗೆಯ ಮುಂಗಡ ಹಣ ಕಡಿಮೆಯಾದರೂ ಖಚಿತವಾದದ್ದು. ಹೊಗೆಸೊಪ್ಪಿನ ಬೆಳೆಗಾರನ ಹೊಲದಲ್ಲಿಯೋ, ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿಯೋ, ಕೃಷ್ಣರಾಜನಗರದ ನಾಲೆ ಬಯಲಿನ ಗದ್ದೆಯಲ್ಲಿಯೋ, ಕೊಡಗಿನ ತೋಟದಲ್ಲಿಯೋ ಸಂಜೆಗೆ ಕೈಗೆ ಬರುವ ಕೂಲಿ ಅದಕ್ಕಿಂತ ಖಚಿತ. ಹಣವನ್ನು ಕೂಡಿಡುವುದಕ್ಕಿಂತ ಹಾಡಿಯಲ್ಲಿ ಹಂಚಿಕೊಳ್ಳುವುದು ಬೇಟೆ, ಜೇನು, ಗೆಣಸುಗಳ ಹಂಚಿಕೆಯ ಹಳೆಯ ನಡಾವಳಿಯ ಮುಂದುವರಿಕೆ. ಹೆಜ್ಜೇನಿನ ಹುಟ್ಟಿಗೆ ಹಗ್ಗದಲ್ಲಿ ಇಳಿಯುವವನ ಜೀವ ಮೇಲೆ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಅಂಥ ಬದುಕಿನಲ್ಲಿ ಬಂಧುವಿಗೆ ಕೊಟ್ಟದ್ದೇ ಭದ್ರವಾದ ಠೇವಣಿ. ಬುರುಂಡಿಯ ಅಧ್ಯಯನ ಕಂಡ ಔದಾರ್ಯ ಮತ್ತು ಇಂದಿನದಕ್ಕೆ ಕೊಡುವ ಬೆಲೆ ಇವೆರಡೂ ಇಲ್ಲಿ ಒಟ್ಟಿಗೇ ಇವೆ. ಆದರೆ ಔದಾರ್ಯದ ಬೇರು ಹಿಂಸೆಗಿಂತ ಹಳೆಯದು.

ಕಾಡಿನ ಕಡೆಗೆ ಮರಳುವ ತುಡಿತವನ್ನೂ ಹೀಗೆಯೇ ನೋಡಬೇಕು. ಜೇನುಕುರುಬರ ಕುಲದೈವಗಳ ನೆಲೆಗಳು, ಹಿರಿಯರನ್ನು ಹೂಳಿದ ಜಾಗಗಳು ಉದ್ಯಾನದ ಒಳಗೇ ಉಳಿದಿವೆ. ಅವರ ನೆನಪು ಗ್ರಂಥದಲ್ಲಿಯೋ ಮೂರ್ತಿಯಲ್ಲಿಯೋ ಇಲ್ಲ. ಮರ, ಬಂಡೆ, ಹಳ್ಳ, ಹಡ್ಲುಗಳಲ್ಲಿದೆ. ಟಿಬೆಟಿಯನ್ನರು ಸೆರಾ ವಿಹಾರದ ಹೆಸರನ್ನೂ ಪಾಠಕ್ರಮವನ್ನೂ ಹೊತ್ತು ತಂದು ಬೈಲಕುಪ್ಪೆಯಲ್ಲಿ ನೆಟ್ಟರು. ಹಾಡಿಯವರ ದೈವ ಹಾಗೆ ಹೊತ್ತು ತರಬಹುದಾದದ್ದಲ್ಲ. 2025ರ ಮೇ ತಿಂಗಳಲ್ಲಿ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ ಜೇನುಕುರುಬ ಕುಟುಂಬಗಳು ಮರಳಿ ಪ್ರವೇಶಿಸಿ ಅರಣ್ಯ ಹಕ್ಕುಗಳ ಕಾಯಿದೆಯಡಿ ತಮ್ಮ ಹಕ್ಕನ್ನು ಸಾರಿದವು. ಹೊರಗಿನ ಲೆಕ್ಕದಲ್ಲಿ ಇದು ಕೂಲಿ, ಶಾಲೆ, ರಸ್ತೆಗಳಿಂದ ದೂರ ಸರಿಯುವ ನಷ್ಟದ ತೀರ್ಮಾನ. ಅವರ ಲೆಕ್ಕದಲ್ಲಿ ಕಳೆದುಹೋದ ಮೂಲಧನವನ್ನು ಹಿಂಪಡೆಯುವ ಪ್ರಯತ್ನ.

ಎರಡು ಲೆಕ್ಕಗಳ ತುಲನೆ

ಇವೆರಡು ಸಮುದಾಯಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಬ್ಬರು ಜಾಣರು ಇನ್ನೊಬ್ಬರು ಅಲ್ಲ ಎಂದು ತೀರ್ಮಾನಿಸುವುದು ಸುಲಭ, ಅದು ತಪ್ಪು. ಟಿಬೆಟಿಯನ್ನರಿಗೆ ವ್ಯಾಪಾರದ, ಲಿಪಿಯ, ವಿಹಾರದ ಆಸ್ತಿ ನಿರ್ವಹಣೆಯ ಪರಂಪರೆ ಇತ್ತು, ಅಂತರರಾಷ್ಟ್ರೀಯ ನೆರವಿತ್ತು, ತಮ್ಮದೇ ಆಡಳಿತದ ಮಾನ್ಯತೆ ಇತ್ತು. ಅವರ ಹಿಂಸೆಯ ಕಥನವನ್ನು ಜಗತ್ತು ಕೇಳಿಸಿಕೊಂಡಿತು. ಕಾಡಿನವರ ಮೇಲಾದುದಕ್ಕೆ ಹಿಂಸೆ ಎಂಬ ಹೆಸರು ದೊರೆಯಲೂ ದಶಕಗಳೇ ಹಿಡಿದವು.

ಆದರೂ ಎರಡರ ನಡುವೆ ಸಮಾನವಾದ ಒಂದು ಸೂತ್ರವಿದೆ. ಇಬ್ಬರೂ ನೆಲವನ್ನು ನಂಬಲಿಲ್ಲ. ಇಬ್ಬರೂ ಖಾಸಗಿ ಕೂಡಿಕೆಗಿಂತ ಸಂಬಂಧಗಳಲ್ಲಿ ಹೆಚ್ಚು ತೊಡಗಿಸಿದರು. ಇಬ್ಬರೂ ಹೊಲವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬೇರೆ ದುಡಿಮೆ ಹಿಡಿದರು. ಪತ್ರ ತಪ್ಪಿದರೆ ಇರುವ ನೆಲೆಯೂ ತಪ್ಪೀತೆಂಬ ಅಳುಕು ಇಬ್ಬರಲ್ಲಿಯೂ ಇದೆ. ಬೇರೆಯಾದುದು ಒಂದೇ ಕಡೆ. ಟಿಬೆಟಿಯನ್ನರನ್ನು ಗುಂಪಾಗಿ, ಮುಖಂಡರ ಸಮೇತ, ಹತ್ತಿರ ಹತ್ತಿರದ ಶಿಬಿರಗಳಲ್ಲಿ ನೆಲೆಗೊಳಿಸಲಾಯಿತು. ಆದ್ದರಿಂದ ಅವರ ಸಂಬಂಧಗಳು ಸಹಕಾರ ಸಂಘವಾಗಿ, ವಿಹಾರವಾಗಿ, ವ್ಯಾಪಾರದ ಸಾಲದ ಹೊಣೆಯಾಗಿ ರೂಪ ತಳೆದವು. ಕಾಡಿನ ಹಾಡಿಗಳು ಒಡೆದು ಚದುರಿದವು. ಯಜಮಾನನ ಮಾತಿನ ನೆಲೆ, ದೈವದ ನೆಲೆ, ಜೇನಿನ ನೆಲೆ ಮೂರೂ ಒಟ್ಟಿಗೇ ತಪ್ಪಿದವು. ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿ ಕಿರು ಅರಣ್ಯ ಉತ್ಪನ್ನಗಳಿಗಾಗಿ ಸ್ಥಾಪಿತವಾದ ಲ್ಯಾಂಪ್ಸ್ ಸಹಕಾರ ಸಂಘಗಳ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಉತ್ಪನ್ನ ತರುವ ಕಾಡಿನ ಬಾಗಿಲೇ ಮುಚ್ಚುತ್ತಿದ್ದಾಗ ಸಂಘ ಯಾವುದರ ಮೇಲೆ ನಿಂತೀತು? ಒಗ್ಗಟ್ಟಿನ ಗುಣ ಇಬ್ಬರಲ್ಲಿಯೂ ಇತ್ತು. ಅದು ನೆಲೆಗೊಳ್ಳುವ ಅವಕಾಶ ಒಬ್ಬರಿಗೆ ಮಾತ್ರ ದೊರೆಯಿತು.

ಸಮಾರೋಪ

ಈ ಚರ್ಚೆ ಚರಿತ್ರೆಯ ಪುಟಗಳಿಗೆ ಮಾತ್ರ ಸೇರಿದ್ದಲ್ಲ. ಹುಲಿ ಸಂರಕ್ಷಿತ ಪ್ರದೇಶಗಳಿಂದ ಹೊರಬರುವ ಕುಟುಂಬಕ್ಕೆ 2008ರಿಂದ 10 ಲಕ್ಷ ರೂಪಾಯಿಗಳ, 2021ರಿಂದ 15 ಲಕ್ಷ ರೂಪಾಯಿಗಳ ಪ್ಯಾಕೇಜು ನಿಗದಿಯಾಗಿದೆ. ಇಡೀ ಮೊತ್ತವನ್ನು ಹಣದ ರೂಪದಲ್ಲಿ ಪಡೆಯುವ ಆಯ್ಕೆ ಅದರಲ್ಲಿದೆ. ಮೊತ್ತವನ್ನು ಮುಂದಿಟ್ಟು ತೀರ್ಮಾನವನ್ನು ಕುಟುಂಬಕ್ಕೆ ಬಿಡುವ ಈ ಕ್ರಮದಲ್ಲಿ, ಆಯ್ಕೆ ಮಾಡುವವನು ಭಯವಿಲ್ಲದ, ನೆನಪಿಲ್ಲದ, ಒಂಟಿ ಲೆಕ್ಕಿಗನೆಂಬ ಊಹೆ ಅಡಗಿದೆ. ಒಕ್ಕಲೆಬ್ಬಿಸಿದ ನೆನಪು ಹಸಿಯಾಗಿರುವವನು ಖಚಿತವಾದುದರ ಕಡೆಗೆ, ಕೈಗೆ ಸಿಗುವುದರ ಕಡೆಗೆ ವಾಲುತ್ತಾನೆ. ಆ ಗಳಿಗೆಯಲ್ಲಿ ಅವನು ಹಾಕುವ ಹೆಬ್ಬೆಟ್ಟನ್ನು ಸ್ವಇಚ್ಛೆಯೆಂದು ಕರೆಯುವ ಮೊದಲು ಯೋಚಿಸಬೇಕಾಗುತ್ತದೆ.

2006ರ ಅರಣ್ಯ ಹಕ್ಕುಗಳ ಕಾಯಿದೆ ನೀಡುವ ಹಕ್ಕು ವಂಶಪಾರಂಪರ್ಯವಾದದ್ದು, ಪರಭಾರೆ ಮಾಡಲಾಗದ್ದು. ವೈಯಕ್ತಿಕ ಹಕ್ಕಿನ ಜೊತೆಗೆ ಸಾಮುದಾಯಿಕ ಹಕ್ಕನ್ನೂ ಅದು ಮಾನ್ಯ ಮಾಡುತ್ತದೆ. ದೈವಸ್ಥಾನ, ಜೇನು, ಗೆಣಸಿನ ನೆಲೆಗಳ ಮೇಲೆ ಹಾಡಿಗೆ ಹಾಡಿಯೇ ಹಕ್ಕು ಪಡೆದಲ್ಲಿ, ಬೈಲಕುಪ್ಪೆಯಲ್ಲಿ ಸಹಕಾರ ಸಂಘ ಮತ್ತು ವಿಹಾರ ಮಾಡಿದ ಕೆಲಸವನ್ನು ಇಲ್ಲಿ ಹಾಡಿಯೇ ಮಾಡಬಲ್ಲುದು. ಒಂದೇ ಸೀಮೆಯ ಎರಡು ಸಮುದಾಯಗಳ ಅನುಭವ ಹೇಳುವುದಿಷ್ಟು: ಹಿಂಸೆ ಕಂಡವರು ಲೆಕ್ಕ ತಪ್ಪಿದವರಲ್ಲ, ಕಳೆದುಕೊಂಡುದನ್ನೂ ಲೆಕ್ಕದಲ್ಲಿ ಸೇರಿಸಿ ಎಣಿಸುವವರು. ಪುನರ್ವಸತಿಯನ್ನು ರೂಪಿಸುವವರ ಕಡತದಲ್ಲಿ ಆ ಬಾಬ್ತಿಗೆ ಇನ್ನೂ ಜಾಗವಾಗಿಲ್ಲ.